ಚಿತ್ರಾಕ್ಷರಗಳ ಸಾಲಿನಲ್ಲಿ ನಮ್ಮ ಮುಖ

ನಮ್ಮ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಶ್ರವಣಯಂತ್ರ ಧರಿಸುವ ಬಾಲಕಿಯೊಬ್ಬಳಿದ್ದಾಳೆ. ಒಂದು ದಿನ ಅವಳು ತಾಯಿಯೊಡನೆ ಬಂದು, ಆಕೆಯ ಮೊಬೈಲಿನಲ್ಲಿದ್ದ ಪುಟ್ಟ ಚಿತ್ರವೊಂದನ್ನು ತೋರಿಸಿ, “ಗುರುಗಳೇ, ಇದು ನನ್ನ ಕಿವಿ” ಎಂದಳು. ಯಂತ್ರ ತೊಟ್ಟ ಕಿವಿಯ ಚಿತ್ರವದು. ಅಂದು ಆ ಮುಖದಲ್ಲಿ ಕಂಡ ಹಿಗ್ಗೇ ಈ ಬರಹಕ್ಕೆ ಕಾರಣ.

ಇಂತಹ ಚಿತ್ರಗಳಿಗೆ ಎಮೋಜಿ ಎಂದು ಹೆಸರು. ಜಪಾನೀ ಭಾಷೆಯಲ್ಲಿ ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. 1999ರಲ್ಲಿ ಶಿಗೆಟಾಕಾ ಕುರಿಟಾ ಎಂಬವರು ಜಪಾನಿನ ದೂರವಾಣಿ ಸಂಸ್ಥೆಯೊಂದಕ್ಕಾಗಿ 176 ಚಿತ್ರಗಳನ್ನು ರಚಿಸಿದರು. ಕ್ರಮೇಣ ಚಿತ್ರಾಕ್ಷರಗಳ ಬಳಕೆ ಜಗತ್ತಿಗೆಲ್ಲ ಹಬ್ಬಿತು. ಆದರೆ ಬಹುಕಾಲ ಅವುಗಳಲ್ಲಿನ ಮನುಷ್ಯರು ಹೆಚ್ಚಾಗಿ ಬಿಳಿಯ ಮೈಬಣ್ಣದವರೇ ಆಗಿದ್ದರು.

ಚಿತ್ರಾಕ್ಷರಗಳನ್ನು ಅಂಗೀಕರಿಸುವುದು ಅಮೆರಿಕದ ಯುನಿಕೋಡ್ ಸಂಸ್ಥೆ. ನಮ್ಮ ಕನ್ನಡ ಲಿಪಿಗೂ 1991ರಲ್ಲಿ ಗಣಕಯಂತ್ರದ ಅಕ್ಷರಪಟ್ಟಿಯಲ್ಲಿ ಸ್ಥಾನವಿತ್ತದ್ದು ಅದೇ. ಹೊಸ ಚಿತ್ರ ಬೇಕೆನ್ನುವವರು ಯಾರೇ ಆಗಲಿ, ಅದು ಬಹುಜನರ ಬಳಕೆಗೆ ಬರುವುದೆಂಬುದಕ್ಕೆ ಆಧಾರ ಒದಗಿಸಿ ಮನವಿ ಸಲ್ಲಿಸಬಹುದು.

ಜನರ ಒತ್ತಾಯದ ಫಲವಾಗಿ 2015ರಲ್ಲಿ ಐದು ಮೈಬಣ್ಣಗಳು ಬಂದವು. 2016ರಲ್ಲಿ ಬರ್ಲಿನ್ನಿನಲ್ಲಿ ನೆಲೆಸಿದ್ದ ಸೌದಿ ಅರೇಬಿಯದ 15 ವರ್ಷದ ಬಾಲಕಿ ರಯೂಫ್ ಅಲ್‌ಹುಮೇಧಿ, ಗೆಳತಿಯರೊಡನೆ ಸಂದೇಶ ಹಂಚಿಕೊಳ್ಳುವಾಗ ತಲೆವಸ್ತ್ರ ಧರಿಸಿದ ತನ್ನಂಥವಳ ಚಿತ್ರವೇ ಇಲ್ಲದುದನ್ನು ಕಂಡು ಮನವಿ ಸಲ್ಲಿಸಿದಳು. ಮರುವರ್ಷವೇ ಆ ಚಿತ್ರ ಸೇರಿತು. 2018ರಲ್ಲಿ ಆಪಲ್ ಕಂಪನಿಯು ಅಂಧರ ಹಾಗೂ ಕಿವುಡರ ಸಂಘಗಳೊಡನೆ ಸಮಾಲೋಚಿಸಿ ಇನ್ನೊಂದು ಮನವಿ ಮಾಡಿತು. 2019ರಲ್ಲಿ ಶ್ರವಣಯಂತ್ರದ ಕಿವಿ, ಬಿಳಿಕೋಲು ಹಿಡಿದವರು, ಗಾಲಿಕುರ್ಚಿಯಲ್ಲಿ ಸಾಗುವವರು, ಕೃತಕ ಕಾಲು ಬಂದವು. ಅದೇ ವರ್ಷ ಸೀರೆ, ಹಣತೆ, ಆಟೋರಿಕ್ಷಾಗಳೂ ಬಂದವು.

ಅಂಗುಷ್ಠದಷ್ಟೂ ಇಲ್ಲದ ಚಿತ್ರಕ್ಕೆ ಇಷ್ಟು ಶ್ರಮವೇಕೆಂದು ವಾಚಕರು ಕೇಳಬಹುದು. ಚಿತ್ರದಿಂದ ಕಿವುಡು ನೀಗದು, ನಿಜ. ಆದರೆ ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ಒಯ್ಯಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಾವು ಕಲಿತೆವು. ಪುಸ್ತಕದಲ್ಲಿ ತನ್ನ ಮನೆ, ತನ್ನ ನುಡಿ ಕಾಣದ ಮಗು ಆ ಪುಸ್ತಕ ತನ್ನದಲ್ಲವೆಂದೇ ಭಾವಿಸುತ್ತದೆ. ಕನ್ನಡ ಪಠ್ಯಪುಸ್ತಕಗಳಿಗಾಗಿ ಮನವಿಯ ಮೇಲೆ ಮನವಿ ಬರೆದ ಗಡಿನಾಡಿನ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ಬರಿಯ ಗೊಣಗಾಟದಿಂದ ಆಗದುದು ಆಧಾರಸಹಿತವಾದ ಒಂದು ಮನವಿಯಿಂದ ಆಗಬಹುದೆಂಬುದನ್ನು ಆ ಬರ್ಲಿನ್ನಿನ ಬಾಲಕಿ ತೋರಿಸಿದ್ದಾಳೆ.

ಮರುದಿನ ನಾವು ತರಗತಿಗೆ ಒಂದು ಬರವಣಿಗೆ ಕೊಟ್ಟೆವು: ನಮ್ಮ ಊರಿನ ಯಾವ ವಸ್ತು ಆ ಸಾಲಿಗೆ ಸೇರಬೇಕು, ಏಕೆ? ಒಬ್ಬನು ಕೂರಿಗೆಯೆಂದು ಬರೆದ. ಆ ಬಾಲಕಿ ತನ್ನ ಅಜ್ಜಿಯ ಶಾವಿಗೆ ಮಣೆಯನ್ನು ಆರಿಸಿ, ಮೂರು ಕಾರಣಗಳನ್ನು ಕೊಟ್ಟಿದ್ದಳು.