ನಡುಗುವ ನೆಲದ ಮೇಲೆ ಅಣುಸ್ಥಾವರ

ಅಮರಕೋಶವು ಭೂಮಿಗೆ ಕೊಟ್ಟಿರುವ ಹೆಸರುಗಳಲ್ಲಿ ‘ಅಚಲಾ’ ಎಂಬುದೊಂದು, ‘ಸ್ಥಿರಾ’ ಎಂಬುದು ಇನ್ನೊಂದು. ವಿದ್ಯುತ್ತನ್ನು ಉತ್ಪಾದಿಸುವ ಕಾರ್ಖಾನೆಗೂ ನಾವು ‘ಸ್ಥಾವರ’ವೆಂದೇ ಹೆಸರಿಟ್ಟಿದ್ದೇವೆ, ಚಲಿಸದೆ ನಿಂತದ್ದು ಎಂದು ಅದರ ಅರ್ಥ. ಆದರೆ ಅಣುಶಕ್ತಿಯ ಸ್ಥಾವರವನ್ನು ಕಟ್ಟುವವನು ಹೆಸರನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ನೆಲ ಎಂದಾದರೊಮ್ಮೆ ನಡುಗಿದರೆ ಎಷ್ಟು ನಡುಗೀತೆಂಬುದನ್ನು ಆತ ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಗೋಡೆಗಳನ್ನೂ ಕೊಳವೆಗಳನ್ನೂ ಬಲಪಡಿಸಬೇಕು. ಆ ಲೆಕ್ಕವೇ ಕಡಿಮೆಯಾಗಿದ್ದರೆ ಏನು ಗತಿ? ಜಪಾನಿನ ಎರಡು ಸ್ಥಾವರಗಳ ಕಥೆ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಎರಡೂ ಟೋಕಿಯೋ ವಿದ್ಯುತ್ ಕಂಪೆನಿಗೆ ಸೇರಿದವು.

ಲೆಕ್ಕವನ್ನು ಮೀರಿದ ಕಂಪನ

ಜಪಾನಿನ ಪಶ್ಚಿಮ ಕರಾವಳಿಯಲ್ಲಿ, ನೀಗಾತಾ ಪ್ರಾಂತದಲ್ಲಿ, ಕಾಶಿವಾಝಾಕಿ-ಕರಿವಾ ಎಂಬ ಸ್ಥಾವರವಿದೆ. ಏಳು ರಿಯಾಕ್ಟರುಗಳು, 8,212 ಮೆಗಾವಾಟ್ ಸಾಮರ್ಥ್ಯ. ಜಗತ್ತಿನಲ್ಲಿಯೇ ಅಷ್ಟು ದೊಡ್ಡ ಅಣುಸ್ಥಾವರ ಬೇರೊಂದಿಲ್ಲ. 2007ರ ಜುಲೈ 16ರಂದು ಬೆಳಗ್ಗೆ 10 ಗಂಟೆ 13 ನಿಮಿಷಕ್ಕೆ, ಅಲ್ಲಿಂದ ಸುಮಾರು 16 ಕಿಲೋಮೀಟರು ದೂರದಲ್ಲಿ ಕಡಲ ತಳ ಕಂಪಿಸಿತು. ಜಪಾನೀಯರ ಗಣನೆಯಂತೆ ಅದರ ಪರಿಮಾಣ 6.8.

ನೆಲದ ಅದುರಾಟವನ್ನು ವಿಜ್ಞಾನಿಗಳು ‘ಗ್ಯಾಲ್’ ಎಂಬ ಮಾನದಿಂದ ಅಳೆಯುತ್ತಾರೆ. ಕೈಬಿಟ್ಟ ಕಲ್ಲು ಭೂಮಿಯತ್ತ ಬೀಳುವಾಗ ಅದರ ವೇಗ ಹೆಚ್ಚುವ ದರ ಸುಮಾರು 980 ಗ್ಯಾಲ್. ಒಂದನೆಯ ರಿಯಾಕ್ಟರಿನ ತಳಪಾಯಕ್ಕೆ 273 ಗ್ಯಾಲ್‌ಗಿಂತ ಹೆಚ್ಚಿನ ಅದುರಾಟ ಬಾರದೆಂದು ವಿನ್ಯಾಸಕಾರರು ಎಣಿಸಿದ್ದರು. ಅಂದು ಬಂದುದು 680!

ನಡೆಯುತ್ತಿದ್ದ ರಿಯಾಕ್ಟರುಗಳು ತಾವಾಗಿಯೇ ನಿಂತವು. ಅವುಗಳ ಮುಖ್ಯ ಭಾಗಗಳಿಗೆ ಭಾರಿ ಹಾನಿಯೂ ಆಗಲಿಲ್ಲ. ಇಂಜಿನಿಯರುಗಳು ಲೆಕ್ಕಕ್ಕಿಂತ ಹೆಚ್ಚಾಗಿ ಇರಿಸಿದ್ದ ಬಲವೇ ಅಂದು ಕಾಪಾಡಿತು. ಆದರೆ ಮೂರನೆಯ ಘಟಕದ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಹತ್ತಿತು. ನಂದಿಸಹೋದರೆ ನೆಲದೊಳಗಿನ ನೀರಿನ ಕೊಳವೆಗಳು ಒಡೆದಿದ್ದವು. ಸ್ವಲ್ಪ ವಿಕಿರಣವುಳ್ಳ ನೀರು ಆರನೆಯ ಘಟಕದಿಂದ ಸಮುದ್ರವನ್ನು ಸೇರಿತು. ಆಪತ್ಕಾಲಕ್ಕೆಂದು ದೂರವಾಣಿ ಇರಿಸಿದ್ದ ಕೊಠಡಿಯ ಬಾಗಿಲೇ ಸೊಟ್ಟಗಾಗಿ ತೆರೆಯದಾಯಿತು!

ಎಣಿಕೆ ತಪ್ಪಿದ್ದೇಕೆ? ಕಡಲ ತಳದಲ್ಲಿದ್ದ ಬಿರುಕಿನ ನಿಜವಾದ ಶಕ್ತಿ ಹಿಂದೆ ತಿಳಿದಿರಲಿಲ್ಲ. ಜೊತೆಗೆ, ಸ್ಥಾವರದ ಕೆಳಗೆ ಬಹು ಆಳದಲ್ಲಿ ಮಡಿಕೆ ಮಡಿಕೆಯಾಗಿ ಬಿದ್ದಿರುವ ಪದರಗಳು ಕಂಪನವನ್ನು ಇನ್ನಷ್ಟು ಹಿಗ್ಗಿಸಿದವು. ಸುಮಾರು ಎರಡು ವರ್ಷ ಏಳರಲ್ಲಿ ಒಂದು ರಿಯಾಕ್ಟರೂ ನಡೆಯಲಿಲ್ಲ. ತಳದ ಬಂಡೆಯಲ್ಲಿ 450 ಗ್ಯಾಲ್ ಎಂದಿದ್ದ ಹಳೆಯ ಅಂಕಿಯು ಮರುಲೆಕ್ಕದಲ್ಲಿ ಮೊದಲ ನಾಲ್ಕು ಘಟಕಗಳಿಗೆ 2,300ಕ್ಕೆ ಏರಿತು.

ಕಟ್ಟಿದ ಮನೆ, ಕಟ್ಟದ ಗೋಡೆ

ಇದಕ್ಕೆ ಮುನ್ನವೇ, 2006ರಲ್ಲಿ, ಜಪಾನ್ ಸರ್ಕಾರ ಭೂಕಂಪದ ನಿಯಮಗಳನ್ನು ತಿದ್ದಿ, ಹಳೆಯ ಸ್ಥಾವರಗಳೆಲ್ಲವೂ ತಮ್ಮ ಲೆಕ್ಕವನ್ನು ಮತ್ತೆ ಪರಿಶೀಲಿಸಬೇಕೆಂದು ವಿಧಿಸಿತ್ತು. ಕಂಪೆನಿಯ ಇನ್ನೊಂದು ಸ್ಥಾವರ ಪೂರ್ವ ಕರಾವಳಿಯ ಫುಕುಶಿಮಾ ದಾಯಿಚಿ. ಅಲ್ಲಿ ಈ ಮರುಪರಿಶೀಲನೆಯ ಕಾಲದಲ್ಲಿ ಎರಡು ವಿಷಯಗಳು ಕಂಪೆನಿಯ ಮುಂದೆ ಬಂದವು.

ಮೊದಲನೆಯದು, ತೆರೆಯದ ಬಾಗಿಲಿನ ಪಾಠ. ನೆಲ ನಡುಗಿದರೂ ಕಟ್ಟಡಕ್ಕೆ ಅದರ ಪೆಟ್ಟು ಪೂರ್ತಿ ತಾಗದಂತೆ, ಅಡಿಯಲ್ಲಿ ರಬ್ಬರಿನ ದಪ್ಪ ದಿಂಡುಗಳನ್ನಿಟ್ಟು ಕಟ್ಟಿದ ತುರ್ತುಭವನವೊಂದು 2010ರ ಜುಲೈ ತಿಂಗಳಲ್ಲಿ ಅಲ್ಲಿ ಸಿದ್ಧವಾಯಿತು.

ಎರಡನೆಯದು, ಸಮುದ್ರದ ಲೆಕ್ಕ. 2002ರ ಗಣನೆ ಅಲ್ಲಿಗೆ 5.7 ಮೀಟರಿನ ಸುನಾಮಿ ಬರಬಹುದೆಂದಿತ್ತು. 2008ರಲ್ಲಿ ಕಂಪೆನಿಯೊಳಗೆ ನಡೆದ ಹೊಸ ಗಣನೆ 15.7 ಮೀಟರು ಎಂದಿತು. ಮೊದಲ ನಾಲ್ಕು ರಿಯಾಕ್ಟರುಗಳು ನಿಂತಿದ್ದ ನೆಲ ಸಮುದ್ರಮಟ್ಟದಿಂದ 10 ಮೀಟರು ಎತ್ತರ ಮಾತ್ರ. ಈ ಅಂಕಿಯನ್ನು ಕಂಪೆನಿ ಕೂಡಲೇ ಒಪ್ಪಲಿಲ್ಲ. ಇನ್ನೂ ಅಧ್ಯಯನವಾಗಲೆಂದು ತಜ್ಞರಿಗೆ ಒಪ್ಪಿಸಿತು. ಗೋಡೆ ಏಳಲಿಲ್ಲ. 2011ರ ಮಾರ್ಚ್ 7ರಂದು ಈ ಲೆಕ್ಕ ಸರ್ಕಾರದ ಪರಿಶೀಲಕರ ಕೈಸೇರಿತು.

ನಾಲ್ಕೇ ದಿನಗಳ ಅನಂತರ, ಮಾರ್ಚ್ 11ರಂದು, 9.0 ಪರಿಮಾಣದ ಭೂಕಂಪವಾಯಿತು. ನಡೆಯುತ್ತಿದ್ದ ರಿಯಾಕ್ಟರುಗಳು ಅಂದೂ ನಿಯಮದಂತೆ ನಿಂತವು. ಆದರೆ ನಿಂತ ರಿಯಾಕ್ಟರಿನಲ್ಲಿಯೂ ಕಾವು ಉಳಿದಿರುತ್ತದೆ. ಅದನ್ನು ತಣಿಸುತ್ತಲೇ ಇರಬೇಕು. ಹೊರಗಿನಿಂದ ಬರುತ್ತಿದ್ದ ವಿದ್ಯುತ್ತು ಭೂಕಂಪದಿಂದಲೇ ಕಡಿದುಹೋಗಿತ್ತು. ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ನೆಲಕ್ಕಿಂತ ಎತ್ತರವಾಗಿ ಬಂದ ಅಲೆಗಳು ನೆಲಮಾಳಿಗೆಯ ಡೀಸೆಲ್ ಜನರೇಟರುಗಳನ್ನು ಮುಳುಗಿಸಿದವು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಲಕ್ಷಕ್ಕೂ ಮಿಕ್ಕ ಜನ ಮನೆಮಠಗಳನ್ನು ಬಿಟ್ಟು ಹೊರಟರು.

ಆ ಘೋರ ದಿನಗಳಲ್ಲಿ ಕೆಲಸಗಾರರು ಉಂಡು, ಮಲಗಿ, ಹೋರಾಟ ನಡೆಸಿದುದು ಎಂಟು ತಿಂಗಳ ಹಿಂದೆ ಸಿದ್ಧವಾಗಿದ್ದ ಆ ತುರ್ತುಭವನದಿಂದಲೇ! ಒಂದೇ ಕಂಪೆನಿ, ಒಂದೇ ಅಂಗಳ. ಕಲಿತು ಕಟ್ಟಿದ್ದು ಕೈಹಿಡಿಯಿತು. ತಿಳಿದೂ ಮುಂದಕ್ಕೆ ಹಾಕಿದ್ದು ಮುಳುಗಿಸಿತು.

ನಮ್ಮ ನೆಲದ ಮಾತು

ಇದು ಜಪಾನಿನ ಪಾಡು, ನಮ್ಮ ದಖ್ಖಣದ ಬಂಡೆ ಅಲುಗದೆಂದು ನಾವು ನೆಮ್ಮದಿಯಿಂದಿರಬಹುದೆ? 1967ರ ಡಿಸೆಂಬರಿನಲ್ಲಿ ಕೊಯ್ನಾ ನಡುಗುವವರೆಗೂ ಹಾಗೆಯೇ ನಂಬಿದ್ದೆವು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಬೀದರ ಜಿಲ್ಲೆಯ ಪಕ್ಕದ ಲಾತೂರಿನ ಕಿಲ್ಲಾರಿಯಲ್ಲಿ ಸಾವಿರಾರು ಜನ ತಮ್ಮ ಮನೆಗಳಡಿಯಲ್ಲಿಯೇ ಮಣ್ಣಾದರು. ಆ ಸೀಮೆಗೆ ಭೂಕಂಪದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯವೆಂದು ಹೆಸರಿತ್ತು. 2002ರ ಪರಿಷ್ಕೃತ ನಕ್ಷೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಉತ್ತರ ಕನ್ನಡದ ಕಾಡಿನ ನಡುವೆ, ಕಾಳೀನದಿಯ ದಡದಲ್ಲಿ, ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. 2011ರ ಅನಂತರ ಭಾರತದ ಇತರ ಸ್ಥಾವರಗಳೊಂದಿಗೆ ಅವುಗಳ ಸುರಕ್ಷತೆಯನ್ನೂ ಮತ್ತೆ ಪರಿಶೀಲಿಸಲಾಯಿತು.

ಇಂಥ ಪರಿಶೀಲನೆ ಒಮ್ಮೆ ಮಾಡಿ ಮುಗಿಸುವ ಶಾಸ್ತ್ರವಲ್ಲ. ಸ್ಥಾವರವೊಂದರ ಆಯುಸ್ಸು ನಾಲ್ಕೈದು ದಶಕ. ಬಿರುಕೊಂದರ ಆಯುಸ್ಸು ಲಕ್ಷಾಂತರ ವರ್ಷ. ನಮ್ಮ ಜ್ಞಾನ ಬೆಳೆದಂತೆ ಹಳೆಯ ಅಂಕಿಗಳು ಸಣ್ಣದಾಗುತ್ತವೆ, ಅದರಲ್ಲಿ ನಾಚಿಕೆಪಡಬೇಕಾದುದಿಲ್ಲ. ಆದುದರಿಂದ ಅಣುಸ್ಥಾವರದ ಕ್ಷೇಮವನ್ನು ವಿಚಾರಿಸುವ ನಾಗರಿಕನು ಕೇಳಬೇಕಾದ ಪ್ರಶ್ನೆಗಳು ಎರಡು: ಲೆಕ್ಕವನ್ನು ಕಡೆಯ ಸಲ ತಿದ್ದಿದ್ದು ಯಾವಾಗ? ತಿದ್ದಿದ ಮೇಲೆ ಕಟ್ಟಿದ್ದೇನು? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಮೊದಲನೆಯದರ ಉತ್ತರ ಕಾಗದದ ಮೇಲಷ್ಟೇ ಉಳಿಯುತ್ತದೆ.