ಮುಪ್ಪಿನಲ್ಲಿ ದೇಹಬಲ

ಅರುವತ್ತೈದು ದಾಟಿದ ಹಿರಿಯರೊಬ್ಬರು "ಅಂಗಾಲು ಜುಮ್ಮೆನ್ನುತ್ತಿದೆ, ಕತ್ತಲಲ್ಲಿ ಕಾಲಿಟ್ಟರೆ ನೆಲವೇ ತಿಳಿಯದು" ಎಂದು ಹೇಳಿಕೊಂಡರೆ, ಮನೆಯವರಾದ ನಾವು ಸಾಮಾನ್ಯವಾಗಿ ಕೊಡುವ ಉತ್ತರವೊಂದೇ: "ವಯಸ್ಸಾಯಿತಲ್ಲ!" ಈ ಉತ್ತರದಲ್ಲಿ ಮರುಕವಿರಬಹುದು, ವಿಚಾರವಿಲ್ಲ. ಮುಪ್ಪಿನ ಲಕ್ಷಣವೆಂದು ನಾವು ಸುಮ್ಮನಾಗುವ ತೊಂದರೆಗಳಲ್ಲಿ ಕೆಲವು ಬಿ-12 ಎಂಬ ಜೀವಸತ್ತ್ವದ ಕೊರತೆಯಿಂದ ಹುಟ್ಟಿದುವಾಗಿರಬಹುದು. ಸಕಾಲದಲ್ಲಿ ಗುರುತಿಸಿದರೆ ಇವಕ್ಕೆ ಪರಿಹಾರವುಂಟು. ತಡವಾದರೆ ನರಗಳಿಗಾದ ಹಾನಿಯು ಹಾಗೆಯೇ ನಿಂತುಬಿಡಬಹುದು.

ಈ ವಸ್ತುವಿನ ಚರಿತ್ರೆಯು ಸ್ವಾರಸ್ಯವಾದುದು. ಒಂದು ಬಗೆಯ ರಕ್ತಹೀನತೆಯು ಮಾರಕವೆಂದೇ ಎಣಿಸಲ್ಪಟ್ಟಿದ್ದ ಕಾಲದಲ್ಲಿ, 1926ರಲ್ಲಿ, ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ಆ ರೋಗಿಗಳಿಗೆ ದಿನವೂ ಪ್ರಾಣಿಗಳ ಯಕೃತ್ತನ್ನು ತಿನ್ನಿಸಿ ಬದುಕಿಸಿದರು. (ನಮ್ಮಲ್ಲಿ ಅನೇಕರಿಗೆ ಕೇಳಿದರೇ ಮುಖ ಸಿಂಡರಿಸುವಂಥ ಪಥ್ಯ!) ಇದಕ್ಕಾಗಿ 1934ರಲ್ಲಿ ವಿಪ್ಪಲ್‌ರೊಡನೆ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು. ಯಕೃತ್ತಿನಲ್ಲಡಗಿದ್ದ ಆ ಗುಣದ್ರವ್ಯವನ್ನು ಕೆಂಪು ಹರಳುಗಳ ರೂಪದಲ್ಲಿ ಬೇರ್ಪಡಿಸಿದುದು 1948ರಲ್ಲಿ.

ಅದು ನಮಗೆ ಬೇಕಾಗುವುದು ದಿನಕ್ಕೆ ಎರಡು-ಎರಡೂವರೆ ಮೈಕ್ರೋಗ್ರಾಂ ಮಾತ್ರ. ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ಇದನ್ನು ತಯಾರಿಸುವುವು ಸೂಕ್ಷ್ಮಜೀವಿಗಳು. ಗಿಡಮರಗಳಿಗೆ ಆ ಶಕ್ತಿಯಿಲ್ಲ. ರಾಗಿಮುದ್ದೆ, ಸೊಪ್ಪು, ಹುರುಳಿಗಳ ಗುಣವನ್ನು ನಾವು ಕಡಿಮೆಮಾಡಿ ಹೇಳುವವರಲ್ಲ. ಆದರೆ ಅವುಗಳಲ್ಲಿ ಇದು ದೊರೆಯದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುತ್ತದೆ. ಹಾಲು ಸಾಲದ ದಿನ "ಮೊಮ್ಮಕ್ಕಳಿಗಿರಲಿ" ಎಂದು ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಅಜ್ಜಿಯನ್ನು ನಾವೆಲ್ಲರೂ ಕಂಡಿದ್ದೇವೆ.

ಇನ್ನೊಂದು ತೊಡಕೂ ಉಂಟು. ಆಹಾರದಲ್ಲಿ ಬಿ-12 ಸಸಾರಜನಕದೊಡನೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದು ಜಠರದ ಆಮ್ಲ. ವಯಸ್ಸಾದ ಅನೇಕರಲ್ಲಿ ಈ ಆಮ್ಲವು ಕುಗ್ಗುವುದರಿಂದ ಉಂಡದ್ದೂ ಪೂರ್ತಿ ದಕ್ಕದು. ಹುಳಿತೇಗಿಗೆಂದು ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹುಕಾಲ ನುಂಗುವವರಿಗೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಿಗೂ ಕೊರತೆಯ ಸಂಭವ ಹೆಚ್ಚು. ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಸಂಗ್ರಹವಿರುವುದರಿಂದ ಕೊರತೆಯು ಸದ್ದಿಲ್ಲದೆ ಬರುತ್ತದೆ. ರಕ್ತಪರೀಕ್ಷೆ ಮಾಡಿಸದೆ ಅಂಗಡಿಯಿಂದ ಫೋಲಿಕ್ ಆಮ್ಲದ ಮಾತ್ರೆಯನ್ನು ತಂದು ನುಂಗುವುದು ಅಪಾಯಕರ. ರಕ್ತಹೀನತೆ ಮಾಯವಾಗಿ, ಒಳಗೆ ನರಗಳ ಹಾನಿ ಮುಂದುವರಿಯಬಹುದು.

ಡಿ ಜೀವಸತ್ತ್ವವನ್ನು ಬಿಸಿಲಿನ ನೆರವಿನಿಂದ ಚರ್ಮವೇ ತಯಾರಿಸುತ್ತದೆ. ಮುದಿ ಚರ್ಮವು ಎಳೆಯ ಚರ್ಮದಷ್ಟು ತಯಾರಿಸಲಾರದು. ಹಿರಿಯರು ನಡುಮನೆಯಲ್ಲೇ ಕುಳಿತರಂತೂ ಹೇಳುವುದೇ ಬೇಡ.

ಹಾಗಾದರೆ ಕೊರತೆಯನ್ನು ತುಂಬಿದೊಡನೆ ಬಲ ಬಂದೀತೇ? ಇಲ್ಲಿ ನಮ್ಮ ಜನರಿಗೆ ಟಾನಿಕ್ಕಿನ ಮೇಲಿರುವ ಭಕ್ತಿಯನ್ನು ಸ್ವಲ್ಪ ಅಲುಗಿಸಬೇಕಾಗಿದೆ. 1994ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಪ್ರಯೋಗವೊಂದರಲ್ಲಿ ವೃದ್ಧಾಶ್ರಮದ ನೂರು ಮಂದಿ ಭಾಗವಹಿಸಿದರು. ಅವರ ಸರಾಸರಿ ವಯಸ್ಸು 87. ಕೆಲವರಿಗೆ ಜೀವಸತ್ತ್ವ ಬೆರೆಸಿದ ಪೌಷ್ಟಿಕ ಪಾನೀಯ, ಕೆಲವರಿಗೆ ಕಾಲಿನಿಂದ ಭಾರವನ್ನು ತಳ್ಳುವ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಹತ್ತು ವಾರಗಳಲ್ಲಿ ವ್ಯಾಯಾಮ ಮಾಡಿದವರ ಸ್ನಾಯುಬಲವು ಶೇಕಡಾ 113ರಷ್ಟು ಹೆಚ್ಚಿತು. ಮಾಡದವರಲ್ಲಿ ಶೇಕಡಾ ಮೂರರಷ್ಟು. ವ್ಯಾಯಾಮವಿಲ್ಲದ ಬರಿಯ ಪಾನೀಯವು ಬಲವನ್ನು ಹೆಚ್ಚಿಸಲಿಲ್ಲ. ಇದಕ್ಕೆ ಮುಂಚೆ, 1990ರಲ್ಲಿ, ಸುಮಾರು ತೊಂಬತ್ತರ ಪ್ರಾಯದ ಹತ್ತು ಮಂದಿಗೆ ಎಂಟು ವಾರ ಇಂಥ ಶಿಕ್ಷಣವನ್ನು ಕೊಟ್ಟಾಗ, ಇಬ್ಬರು ಊರುಗೋಲನ್ನೇ ಬಿಟ್ಟು ನಡೆದರು.

ಮನೆಯಲ್ಲಿ ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ಗೋಡೆಗೊರಗಿಸಿದ ಗಟ್ಟಿಯಾದ ಕುರ್ಚಿಯಿಂದ, ಕೈ ಊರದೆ, ಐದಾರು ಬಾರಿ ಮೆಲ್ಲನೆ ಎದ್ದು ಕುಳಿತುಕೊಳ್ಳುವುದರಿಂದ ಆರಂಭಿಸಬಹುದು. ಎದೆನೋವು, ತಲೆಸುತ್ತು ಇರುವವರು ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು. ಮೊದಲ ಕೆಲವು ದಿನ ಪಕ್ಕದಲ್ಲಿ ಮನೆಯವರೊಬ್ಬರು ನಿಂತಿರಲಿ.