ವಂಶವಾಹಿಯ ದೋಷ ವಂಶದ ದೋಷವಲ್ಲ

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ, ಬೆಳಗಾವಿ ಕಡೆಯವರಾದ ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಕಿವಿಯ ಬಳಿ ಬಾಗಿ, "ನನಗ ರಕ್ತದ ಕ್ಯಾನ್ಸರ್ ಐತ್ರಿ. ಮಗಳ ಲಗ್ನ ಆಗೂತನಕ ಯಾರ ಮುಂದೂ ಹೇಳಬ್ಯಾಡ್ರಿ" ಎಂದರು. ವಂಶವಾಹಿಗಳಲ್ಲಿ ದೋಷವಿದೆಯೆಂದು ವೈದ್ಯರು ತಿಳಿಸಿದ್ದರು. ಅದು ಮಗಳಿಗೂ ಬಂದೀತು, ಬೀಗರಾಗುವವರು ಹಿಂಜರಿದಾರು ಎಂಬುದೇ ಅವರ ಭಯ. ಆ ಭಯಕ್ಕೆ ಆಧಾರವಿರಲಿಲ್ಲ. ಆದರೆ ಅದರಿಂದ ಒದಗಿದ ಅಪಾಯ ನಿಜವಾಗಿತ್ತು. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿದವನು. ಅವರೊಡನೆ ಆಸ್ಪತ್ರೆಗೆ ಹೋಗಿಬರುತ್ತ ಕೇಳಿ, ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಅವರಿಗೆ ಬಂದದ್ದು 'ಕ್ರಾನಿಕ್ ಮಯಲಾಯ್ಡ್ ಲ್ಯೂಕೀಮಿಯ', ಅಂದರೆ ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತಾರ್ಬುದ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿಯ ಕಣಗಳು ಸುಮಾರು 4,000ದಿಂದ 11,000ದವರೆಗೆ ಇರುತ್ತವೆ. ಈ ರೋಗದಲ್ಲಿ ಅವು ಲಕ್ಷವನ್ನೂ ಮೀರಬಹುದು. ಆಯಾಸ, ತೂಕ ಇಳಿಯುವುದು, ಗುಲ್ಮ ಊದಿ ಎಡಹೊಟ್ಟೆ ಭಾರವಾಗುವುದು ಇದರ ಲಕ್ಷಣಗಳು. ಯಾವ ಲಕ್ಷಣವೂ ಇಲ್ಲದೆ ಸಾಮಾನ್ಯ ರಕ್ತಪರೀಕ್ಷೆಯಲ್ಲಿಯೇ ಬಯಲಾಗುವುದೂ ಉಂಟು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬವರು ಇಂಥ ರೋಗಿಗಳ ಜೀವಕೋಶಗಳಲ್ಲಿ ಅಸಹಜವಾಗಿ ಗಿಡ್ಡವಾದ ಒಂದು ವರ್ಣತಂತುವನ್ನು ಕಂಡರು. ಅದಕ್ಕೆ ಆ ನಗರದ ಹೆಸರೇ ಉಳಿಯಿತು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಎಂಬ ವಿದುಷಿ, ವರ್ಣತಂತುಗಳ ಛಾಯಾಚಿತ್ರಗಳನ್ನು ಪರಿಶೀಲಿಸಿ, 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು ತೋರಿಸಿಕೊಟ್ಟರು.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಲೆಡ್ಜರಿನ 9ನೆಯ ಪುಟದ ಹಾಳೆ ಹರಿದು 22ನೆಯ ಪುಟಕ್ಕೆ ಅಂಟಿಕೊಂಡಂತೆ. 9ರಲ್ಲಿದ್ದ 'ಎಬಿಎಲ್' ಎಂಬ ವಂಶವಾಹಿ 22ರ 'ಬಿಸಿಆರ್' ಎಂಬುದರೊಡನೆ ಸೇರಿ ಹೊಸದೊಂದು ಪ್ರೋಟೀನನ್ನು ಹುಟ್ಟಿಸುತ್ತದೆ. ಮೊದಲು ಅಪ್ಪಣೆಯಾದಾಗ ಮಾತ್ರ ಕೆಲಸ ಮಾಡುತ್ತಿದ್ದುದು ಈಗ, ಯಾರೂ ರದ್ದುಪಡಿಸದ ಸ್ಥಾಯೀ ಆದೇಶದಂತೆ, 'ವೃದ್ಧಿಯಾಗು' ಎಂದು ಜೀವಕೋಶಕ್ಕೆ ಹಗಲಿರುಳೂ ಹೇಳತೊಡಗುತ್ತದೆ.

ಈ ಒಂದು ತಪ್ಪು ಒಂಟಿಯಾಗಿ ಉಳಿಯುವುದಿಲ್ಲ. ಕೋಶಗಳು ಎಡೆಬಿಡದೆ ವಿಭಜಿಸುವಾಗ ಹೊಸ ತಪ್ಪುಗಳು ಸೇರಿಕೊಳ್ಳುತ್ತವೆ. ಫಿಲಡೆಲ್ಫಿಯ ವರ್ಣತಂತುವೇ ಇಮ್ಮಡಿಯಾಗಬಹುದು. 8ನೆಯದರ ಹೆಚ್ಚುವರಿ ಪ್ರತಿಯೊಂದು ಬರಬಹುದು. 17ನೆಯದರ ಗಿಡ್ಡ ತೋಳು ಕಳೆದುಹೋಗಬಹುದು. ಕೋಶಗಳ ಅಂಕೆ ಕಾಯುವ 'ಪಿ-53' ಎಂಬ ವಂಶವಾಹಿಯ ನೆಲೆ ಆ ತೋಳಿನಲ್ಲಿಯೇ. ಹೀಗೆ ತಪ್ಪುಗಳು ಕೂಡುತ್ತ ಹೋದಂತೆ ಬಲಿಯದ ಕಣಗಳು ರಕ್ತವನ್ನು ತುಂಬಿ, ರೋಗವು 'ಬ್ಲಾಸ್ಟ್ ಕ್ರೈಸಿಸ್' ಎಂಬ ಉಗ್ರ ಹಂತವನ್ನು ಮುಟ್ಟುತ್ತದೆ. ಹಿಂದೆ ಸಾಧಾರಣವಾಗಿ 3ರಿಂದ 5 ವರ್ಷಗಳಲ್ಲಿ ಆ ಗತಿ ಒದಗುತ್ತಿತ್ತು.

2001ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ 'ಇಮಾಟಿನಿಬ್' ಮಾತ್ರೆ ಈ ಕಥೆಯನ್ನೇ ಬದಲಿಸಿತು. ದುಷ್ಟ ಪ್ರೋಟೀನು ಶಕ್ತಿ ಪಡೆಯುವ ಸ್ಥಳದಲ್ಲಿಯೇ ಇದು ಕುಳಿತು ಅದರ ಕೆಲಸವನ್ನು ನಿಲ್ಲಿಸುತ್ತದೆ. ಚಿಕಿತ್ಸೆಗೆ ಚೆನ್ನಾಗಿ ಒಗ್ಗಿದವರು ಇಂದು ಹೆಚ್ಚುಕಡಮೆ ಎಲ್ಲರಷ್ಟೇ ಆಯುಷ್ಯವನ್ನು ನಿರೀಕ್ಷಿಸಬಹುದು. ನಮ್ಮ ದೇಶದ ಹಲವು ಕಂಪನಿಗಳು ಈ ಮಾತ್ರೆಯನ್ನು ತಯಾರಿಸುವುದರಿಂದ ಬೆಲೆಯೂ ಇಳಿದಿದೆ.

ನನ್ನ ಮಿತ್ರರಿಗೂ ಇದು ಫಲಿಸಿತು. ಆದರೆ ಮಗಳ ಮದುವೆಗೆಂದು ಊರಿಗೆ ಹೋದವರು, ನೆಂಟರ ಕಣ್ಣಿಗೆ ಬಿದ್ದೀತೆಂದು ಎರಡು ತಿಂಗಳು ಮಾತ್ರೆಯನ್ನೇ ಮುಟ್ಟಲಿಲ್ಲ. "ಆರಾಮ ಇದ್ದೆನಲ್ರೀ" ಎಂಬುದು ಅವರ ಸಮಾಧಾನ. ಹಿಂದಿರುಗಿದಾಗ ರೋಗದ ಅಂಕಿ ಏರಿತ್ತು. ಮತ್ತೆ ಮಾತ್ರೆ ಆರಂಭಿಸಿದರೂ ಅದು ಇಳಿಯಲಿಲ್ಲ. ಪರೀಕ್ಷಿಸಿದಾಗ ಎಬಿಎಲ್ ಭಾಗದಲ್ಲಿಯೇ ಹೊಸ ಮಾರ್ಪಾಟು ಕಂಡುಬಂದಿತು. ಬೀಗ ಬದಲಾಗಿತ್ತು, ಹಳೆಯ ಕೀಲಿಕೈ ಹೊಂದಲಿಲ್ಲ. ಅದೃಷ್ಟವಶಾತ್ ಬೇರೊಂದು ಔಷಧಿಯಿಂದ ರೋಗ ಹಿಡಿತಕ್ಕೆ ಬಂದಿದೆ.

ಆದುದರಿಂದ ಆರಾಮವಾಗಿರುವುದನ್ನೇ ಗುಣವಾಯಿತೆಂದು ಬಗೆಯಬಾರದು. ಬ್ಯಾಂಕಿಗೆ ಲೆಕ್ಕ ತಪಾಸಣೆಯಿದ್ದಂತೆ ಈ ರೋಗಕ್ಕೆ ಮೂರು ತಿಂಗಳಿಗೊಮ್ಮೆ 'ಬಿಸಿಆರ್-ಎಬಿಎಲ್' ಪರೀಕ್ಷೆಯಿದೆ. ಅಂಕಿ ಮೂರು ತಿಂಗಳಲ್ಲಿ ಶೇಕಡಾ 10ಕ್ಕೂ, ಆರು ತಿಂಗಳಲ್ಲಿ 1ಕ್ಕೂ, ವರ್ಷದಲ್ಲಿ 0.1ಕ್ಕೂ ಇಳಿಯಬೇಕೆಂಬುದು ವೈದ್ಯರ ಗುರಿ. ಹಲವು ವರ್ಷ ಅಂಕಿ ತೀರ ಕೆಳಗಿದ್ದ ಕೆಲವರಿಗೆ ಮಾತ್ರೆ ನಿಲ್ಲಿಸಿ ನೋಡುವುದುಂಟು. ಅದು ತಜ್ಞರ ಕಣ್ಗಾವಲಿನಲ್ಲಿಯೇ ಆಗಬೇಕು.

ಕೊನೆಯದಾಗಿ ಒಂದು ಮಾತು. 'ವಂಶವಾಹಿ' ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಈ ದೋಷ ತಂದೆತಾಯಿಗಳಿಂದ ಬಂದುದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಹುಟ್ಟಿದ ಮೇಲೆ ಅಸ್ಥಿಮಜ್ಜೆಯ ಒಂದೇ ಒಂದು ಕೋಶದಲ್ಲಿ ತಲೆದೋರಿ, ಆ ಕೋಶದ ಸಂತತಿಯಲ್ಲಿಯೇ ಉಳಿಯುವಂಥದು. ಹೆಣ್ಣು ನೋಡಲು ಬಂದವರ ಮುಂದೆ ಮುಚ್ಚಿಡಬೇಕಾದ ಕಳಂಕ ಇದರಲ್ಲಿ ಯಾವುದೂ ಇಲ್ಲ. ಮಿತ್ರರ ಮಗಳು ಈಗ ಪುಣೆಯಲ್ಲಿದ್ದಾಳೆ. ತಂದೆ ಮಾತ್ರೆ ನುಂಗಿದರೋ ಇಲ್ಲವೋ ಎಂದು ದಿನವೂ ರಾತ್ರಿ ಫೋನ್ ಮಾಡಿ ಕೇಳುವವರು ಅಳಿಯಂದಿರೇ.